ಗಾಳಿಸೀಮೆಯ ಟೈ ಪಿನ್ನು

ಕೊರಳಿಂದ ಇಳಿಬಿದ್ದ ಟೈಯನ್ನು ಅಂಗಿಗೆ ಕಚ್ಚಿಸಿ, ಅದು ಅತ್ತಿತ್ತ ಆಡದಂತೆ ನಿಲ್ಲಿಸುವ ಸಣ್ಣ ಸಾಧನವೇ ಟೈ ಪಿನ್ನು. ಅದು ಬೆರಳುದ್ದದ ಲೋಹದ ಪಟ್ಟಿಯಾಗಿರಬಹುದು, ತುದಿಗೆ ಹರಳು ಕೂರಿಸಿದ ಮೊಳೆಯಾಗಿರಬಹುದು, ಅಂಗಿಯೊಳಗೆ ಅಡಗುವ ಅಯಸ್ಕಾಂತದ ಬಿಲ್ಲೆಯೋ ಕಾಜ ಹೊಲಿದ ಬಟ್ಟೆಯ ತುಂಡೋ ಆಗಿರಬಹುದು. ಇದನ್ನು ಉಂಗುರ, ಕೈಗಡಿಯಾರಗಳ ಜೊತೆ ಗಂಡಸರ ಒಡವೆಯೆಂದು ಎಣಿಸುವುದು ವಾಡಿಕೆ. ಹಿರಿಯೂರಿನಂಥ ಊರಿನಲ್ಲಿ ಆ ಎಣಿಕೆ ಪೂರ್ತಿ ಸರಿಹೋಗುವುದಿಲ್ಲ. ಇಲ್ಲಿ ಅದು ಮೊದಲು ಸಲಕರಣೆ, ಒಡವೆಯಾಗುವುದು ಆಮೇಲಿನ ಮಾತು. ಕಾರಣ, ಗಾಳಿ.

ವೇದಾವತಿ ದಂಡೆಯ ಹಿರಿಯೂರು ಚಿತ್ರದುರ್ಗ ಜಿಲ್ಲೆಯ ಅಪ್ಪಟ ಬಯಲುಸೀಮೆಯ ಊರು. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯೂ ಬಳ್ಳಾರಿಯಿಂದ ಚಳ್ಳಕೆರೆ ಹಾದು ಹುಳಿಯಾರಿನತ್ತ ಇಳಿಯುವ ಹೆದ್ದಾರಿಯೂ ಇಲ್ಲಿ ಒಂದನ್ನೊಂದು ಅಡ್ಡಹಾಯುತ್ತವೆ. ಒಂದು ಕಡೆ ಮಾರಿಕಣಿವೆಯ ಗುಡ್ಡಗಳು, ಇನ್ನೊಂದು ಕಡೆ ಚಿತ್ರದುರ್ಗದ ಜೋಗಿಮಟ್ಟಿಯ ಸಾಲು. ಹೊಸದುರ್ಗದವರೆಗೂ ಹಬ್ಬಿದ ಈ ದಿಣ್ಣೆಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು ತಿರುಗುತ್ತಿರುತ್ತವೆ. ದುಡ್ಡು ಹೂಡುವವರು ಬಂದು ಇಷ್ಟು ಕಂಬ ನೆಟ್ಟಿದ್ದಾರೆ ಎಂದಮೇಲೆ ಈ ಸೀಮೆಯ ಗಾಳಿಗೆ ಬೇರೆ ಸಾಕ್ಷಿ ಬೇಡ. ಮುಂಗಾರಿನ ಮೋಡಗಳು ಮಲೆನಾಡಿನಲ್ಲೇ ಬಹುಪಾಲು ಸುರಿದು ಹಗುರಾಗಿ ಬರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿಗೆ ಮಳೆಗಿಂತ ಗಾಳಿಯೇ ಧಾರಾಳವಾಗಿ ಸಲ್ಲುತ್ತದೆ. ಆಷಾಢದಲ್ಲಿ ಹೆಗಲ ಮೇಲಿನ ಟವೆಲ್ಲು ಕೈಯಲ್ಲಿ ಹಿಡಿದವನದ್ದು. ಅಂಥ ಕಡೆ ಕೊರಳಿಗೆ ಒಂದೂವರೆ ಮೀಟರು ಸಡಿಲ ಬಟ್ಟೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವನು ಒಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡೇ ನಡೆಯಬೇಕಾಗುತ್ತದೆ.

ಪಂಚೆಗೆ ಸೊಂಟದ ಬಿಗಿ ಉಂಟು, ಕಚ್ಚೆಯ ಸಿಕ್ಕುಂಟು. ಅಂಗಿಗೆ ಸಾಲು ಗುಂಡಿಗಳಿವೆ. ಶಲ್ಯವೋ, ಜಾರಿದರೆ ಎತ್ತಿ ಹಾಕಿಕೊಳ್ಳುವುದೇ ಅದರ ಗತ್ತು. ಟೈಗೆ ಮಾತ್ರ ಕೊರಳಿನ ಗಂಟೊಂದನ್ನು ಬಿಟ್ಟರೆ ಬೇರೆ ಆಸರೆಯಿಲ್ಲ. ಸಾಮಾನ್ಯ ಟೈಯ ಉದ್ದ 145ರಿಂದ 150 ಸೆಂಟಿಮೀಟರು, ಮುಂದಿನ ಅಗಲ ಪಟ್ಟಿ ಸುಮಾರು ಎಂಟು-ಒಂಬತ್ತು ಸೆಂಟಿಮೀಟರು. ಕಟ್ಟಿದಾಗ ಇದರ ತುದಿ ಬೆಲ್ಟಿನ ಬಕ್ಕಲಿಗೆ ಬಂದು ಮುಟ್ಟಬೇಕೆಂಬುದು ಶಿಷ್ಟಾಚಾರ. ಹಿಂದಿನ ಕಿರಿದಾದ ಬಾಲವನ್ನು ತೂರಿಸಲು ಅಗಲ ಪಟ್ಟಿಯ ಬೆನ್ನಿಗೆ ಒಂದು ಕುಣಿಕೆ ಹೊಲಿದಿರುತ್ತಾರೆ. ಕುಣಿಕೆ ಎರಡು ಪಟ್ಟಿಗಳನ್ನು ಪರಸ್ಪರ ಹಿಡಿದಿಡುತ್ತದೆಯೇ ಹೊರತು ಅಂಗಿಗೆ ಹಿಡಿಯುವುದಿಲ್ಲ. ಹಾಗಾಗಿ ಗಾಳಿ ಬಂದಾಗ ಎರಡೂ ಜೋಡಿಯಾಗಿಯೇ ಹಾರುತ್ತವೆ. ಊಟಕ್ಕೆ ಬಗ್ಗಿದರೆ ಸಾರಿಗೆ ಇಳಿಯುತ್ತದೆ, ಬೈಕ್ ಏರಿದರೆ ಹೆಗಲ ಮೇಲಿಂದ ಬೆನ್ನಿಗೆ ಹೋಗುತ್ತದೆ. ಈ ಕೊರತೆಯನ್ನು ತುಂಬಲು ಹುಟ್ಟಿದ್ದು ಪಿನ್ನು.

ಟೈಯ ಮೂಲ ಯುರೋಪಿನದು. 17ನೇ ಶತಮಾನದಲ್ಲಿ ಫ್ರಾನ್ಸಿಗೆ ಬಂದ ಕ್ರೊಯೇಷಿಯದ ಸಿಪಾಯಿಗಳು ಕೊರಳಿಗೆ ಸುತ್ತುತ್ತಿದ್ದ ವಸ್ತ್ರವನ್ನು ನೋಡಿ ಪ್ಯಾರಿಸಿನ ಶೋಕಿಲಾಲರು ಕ್ರವಾತ್ ಕಟ್ಟತೊಡಗಿದರು. ಅದು ಕೊರಳ ಸುತ್ತ ಮಡಿಕೆ ಮಡಿಕೆಯಾಗಿ ನಿಲ್ಲುವಂಥದ್ದು. ಮಡಿಕೆ ಕೆಡದಂತೆ ಇಂಗ್ಲೆಂಡಿನ ಸಿರಿವಂತರು ಅದಕ್ಕೆ ಉದ್ದನೆಯ ಸೂಜಿ ಚುಚ್ಚುತ್ತಿದ್ದರು, ಸೂಜಿಯ ತಲೆಗೆ ಮುತ್ತನ್ನೋ ವಜ್ರವನ್ನೋ ಕೂರಿಸುತ್ತಿದ್ದರು. ಕುದುರೆ ಜೂಜಿನ ಗೀಳಿನವರು ಕುದುರೆ ಲಾಳದ ಆಕಾರ ಮಾಡಿಸಿಕೊಳ್ಳುತ್ತಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಕ್ರವಾತ್ ಇಳಿದು, ಇಂದಿನ ಉದ್ದ ಟೈ ಬಂತು. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ಟೈ ತಯಾರಕ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೂರು ತುಂಡುಗಳನ್ನು ಸೇರಿಸಿ ಹೊಲಿಯುವ ಕ್ರಮ ಕಂಡುಕೊಂಡ. ಇಂದಿಗೂ ಟೈ ತಿರುಚಿಕೊಳ್ಳದೆ ನೇರವಾಗಿ ಜೋತುಬೀಳುವುದು ಆ ಓರೆ ಕತ್ತರಿಯಿಂದ. ಅದೇ ದಶಕದಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು, ಕನ್ನಡ ನಾಡಿನ ವಿದ್ಯಾವಂತರು ವಿಲಾಯಿತಿ ಬಟ್ಟೆ ಬಿಟ್ಟು ಖಾದಿಗೆ ತಿರುಗುತ್ತಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಟೈ ಅಲ್ಲಿ ಸುಧಾರಿಸುತ್ತಿದ್ದಾಗಲೇ ಇಲ್ಲಿ ಅದರ ಮಾನ ಇಳಿಯುತ್ತಿತ್ತು.

ನಯವಾದ ರೇಷ್ಮೆಯ ಟೈಗೆ ಸೂಜಿ ಚುಚ್ಚಿದರೆ ತೂತು ಉಳಿಯುತ್ತದೆ. ಆದ್ದರಿಂದ ಚುಚ್ಚದೆ ಕಚ್ಚುವ ಕ್ಲಿಪ್ಪು ಬಂತು. ವೇಸ್ಟ್‌ಕೋಟು ತೊಡುವ ಕಾಲದಲ್ಲಿ ಟೈಯನ್ನು ಅದೇ ಒತ್ತಿ ಹಿಡಿಯುತ್ತಿತ್ತು. ವೇಸ್ಟ್‌ಕೋಟು ದಿನಬಳಕೆಯಿಂದ ಹಿಂದೆ ಸರಿದಂತೆ ಕ್ಲಿಪ್ಪಿಗೆ ಕೆಲಸ ಹೆಚ್ಚಿತು. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರು ಕ್ಲಿಪ್ಪಿನ ಗೊಡವೆಯೇ ಬೇಡವೆಂದು ಟೈಯ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಬಿಡುತ್ತಿದ್ದರು. 1960ರ ಅಮೆರಿಕದ ಚುನಾವಣೆಯಲ್ಲಿ ಜಾನ್ ಕೆನಡಿಯವರ ಕಡೆಯವರು, ಯುದ್ಧದಲ್ಲಿ ಅವರು ನಡೆಸಿದ ಪಿಟಿ-109 ದೋಣಿಯ ಆಕಾರದ ಟೈ ಕ್ಲಿಪ್ಪುಗಳನ್ನು ಬೆಂಬಲಿಗರಿಗೆ ಹಂಚಿದರು. ಎದೆಯ ಮೇಲೆ ಪಕ್ಷದ ಗುರುತು ತೊಡಿಸುವ ವಿದ್ಯೆಯಲ್ಲಿ ನಮ್ಮ ರಾಜಕಾರಣಿಗಳೂ ಯಾರಿಗೂ ಕಡಿಮೆಯಿಲ್ಲ. ಇಲ್ಲಿ ಟೈ ಇಲ್ಲದ್ದರಿಂದ ಅದು ಶಾಲಿನ ಮೇಲೆ, ಟೋಪಿಯ ಮೇಲೆ ಹೋಗಿದೆ, ಅಷ್ಟೆ.

ಕ್ಲಿಪ್ಪಿನ ಕೆಲಸ ಸರಳ. ಅಂಗಿಯ ಮೂರನೇ ಮತ್ತು ನಾಲ್ಕನೇ ಗುಂಡಿಗಳ ನಡುವೆ, ನೆಲಕ್ಕೆ ಸಮನಾಗಿ, ಅಡ್ಡಲಾಗಿ ಅದನ್ನು ತೂರಿಸುತ್ತಾರೆ. ಅದರ ದವಡೆಗೆ ಮೂರು ಪದರ ಸಿಕ್ಕಬೇಕು: ಟೈಯ ಮುಂದಿನ ಪಟ್ಟಿ, ಹಿಂದಿನ ಬಾಲ, ಅಂಗಿಯ ಗುಂಡಿಪಟ್ಟಿ. ಹೊಸಬರಲ್ಲಿ ಹಲವರು ಮೊದಲೆರಡನ್ನು ಮಾತ್ರ ಕಚ್ಚಿಸಿ ಮೂರನೆಯದನ್ನು ಮರೆಯುತ್ತಾರೆ. ಆಗ ಪಿನ್ನು ಟೈಯನ್ನು ಹಿಡಿಯುವ ಬದಲು ಟೈಯ ಜೊತೆಗೇ ಹಾರಾಡುತ್ತದೆ. ಕ್ಲಿಪ್ಪಿನ ಉದ್ದ ಟೈಯ ಅಗಲವನ್ನು ಮೀರಬಾರದು, ಮುಕ್ಕಾಲು ಪಾಲು ಇದ್ದರೆ ಚೆನ್ನ. ಕಚ್ಚಿಸಿದ ಮೇಲೆ ಟೈಯ ಮೇಲಿನ ಭಾಗವನ್ನು ಚೂರು ಸಡಿಲಿಸಿ ಎತ್ತಿ ಬಿಡಬೇಕು, ಇಲ್ಲವಾದರೆ ತಲೆಯೆತ್ತಿದಾಗಲೆಲ್ಲ ಕೊರಳು ಬಿಗಿಯುತ್ತದೆ. ಮೊಳೆ ಪಿನ್ನಿನ ಬಗೆ ಬೇರೆ. ಅದರ ಗಿಡ್ಡ ಮೊಳೆ ಎರಡೂ ಪಟ್ಟಿಗಳನ್ನು ತೂರಿ ಹಿಂದೆ ಬಂದಾಗ ಚಿಟ್ಟೆಯಾಕಾರದ ಬಿರಡೆ ಅದನ್ನು ಹಿಡಿಯುತ್ತದೆ. ಬಿರಡೆಗೆ ಸಣ್ಣ ಸರಪಳಿ, ಸರಪಳಿಯ ಕೊನೆಗೆ ಒಂದು ಕಡ್ಡಿ. ಕಡ್ಡಿಯನ್ನು ಅಂಗಿಯ ಕಾಜದೊಳಗೆ ಅಡ್ಡ ಸಿಕ್ಕಿಸಿದರೆ ಮುಗಿಯಿತು. ಹೊರಗೆ ಕಾಣುವುದು ಒಂದು ಚುಕ್ಕೆ ಮಾತ್ರ.

ರೋಟರಿ, ಲಯನ್ಸ್ ಕ್ಲಬ್ಬುಗಳ ಪದಗ್ರಹಣದ ದಿನ ಕೋಟಿನ ಕಾಲರಿಗೆ ಸಿಕ್ಕಿಸುವ ಲಾಂಛನವನ್ನೂ ಕೆಲವರು ಟೈ ಪಿನ್ನು ಎನ್ನುತ್ತಾರೆ. ಅದು ಏನನ್ನೂ ಹಿಡಿದಿಡುವುದಿಲ್ಲವಾದ್ದರಿಂದ ಈ ಕುಲಕ್ಕೆ ಸೇರದು. ತಾಲ್ಲೂಕು ಕೇಂದ್ರದ ಹಿರಿಯರು ವರ್ಷಕ್ಕೊಮ್ಮೆ ಟೈ ಕಟ್ಟುವುದು ಆ ಸಂಜೆಯೇ ಎಂಬುದು ಮಾತ್ರ ನಿಜ.

ಹಿರಿಯೂರಿನಲ್ಲಿ ಟೈ ಯಾರ ಕೊರಳಲ್ಲಿದೆ ಎಂದು ನೋಡಹೊರಟರೆ ಮೊದಲು ಸಿಗುವವರು ಮಕ್ಕಳು. ಜೂನ್ ಬಂತೆಂದರೆ ಯೂನಿಫಾರಂ ಅಂಗಡಿಗಳಲ್ಲಿ ಟೈ, ಬೆಲ್ಟು, ಸಾಕ್ಸು ಒಂದೇ ಉಸಿರಿನ ಮಾತು. ಸರ್ಕಾರ ತನ್ನ ಶಾಲೆಗಳ ಮಕ್ಕಳಿಗೆ ಸಮವಸ್ತ್ರ ಕೊಡುತ್ತದೆ, ಟೈ ಕೊಡುವುದಿಲ್ಲ. ಆ ಕೊರತೆಯನ್ನು ಊರಿನ ದಾನಿಗಳು ತುಂಬಿ, ‘ಮಕ್ಕಳಿಗೆ ಟೈ, ಬೆಲ್ಟ್, ಗುರುತಿನ ಚೀಟಿ ವಿತರಣೆ’ ಎಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಫೋಟೋ ಸಮೇತ ಬರುತ್ತದೆ. ಖಾಸಗಿ ಶಾಲೆಯ ಮಗುವಿಗೆ ಸರಿಸಮ ಕಾಣಬೇಕೆಂಬ ಆಸೆ ಅದರ ಹಿಂದಿದೆ, ಅದನ್ನು ಲೇವಡಿ ಮಾಡುವಂತಿಲ್ಲ. ಈ ಟೈಗೆ ಗಂಟು ಮೊದಲೇ ಹಾಕಿದ್ದು, ಕೊರಳಿಗೆ ಎಲಾಸ್ಟಿಕ್ ದಾರ. ಆಟದಲ್ಲಿ ಯಾರಾದರೂ ಜಗ್ಗಿದರೆ ದಾರ ಹಿಗ್ಗಿ ಕುತ್ತಿಗೆ ಉಳಿಯುತ್ತದೆ. ಗಿಡ್ಡವಾದ್ದರಿಂದ ಗಾಳಿಗೂ ಹೆಚ್ಚು ಸಿಗದು. ಆದ್ದರಿಂದ ಮಕ್ಕಳ ಟೈಗೆ ಪಿನ್ನು ಬೇಡ. ಬಿಗಿಯಾಗಿ ಹಿಡಿಸಿದರೆ ಹಿಗ್ಗುವ ಗುಣವೇ ಹೋಗುತ್ತದೆ, ಚೂಪು ಮೊನೆ ಎದೆಗೆ ತಗಲುವ ಅಪಾಯ ಬೇರೆ.

ಮಕ್ಕಳ ನಂತರ ಔಷಧ ಕಂಪನಿಗಳ ಪ್ರತಿನಿಧಿಗಳು. ಹೆದ್ದಾರಿಗಳ ಕೂಡುರಸ್ತೆಯಾದ ಹಿರಿಯೂರು ಇವರಿಗೆ ಅನುಕೂಲದ ತಾಣ. ಬೆಳಗ್ಗೆ ಇಲ್ಲಿನ ವೈದ್ಯರನ್ನು ಕಂಡು, ಮಧ್ಯಾಹ್ನ ಚಳ್ಳಕೆರೆಯನ್ನೋ ಹೊಸದುರ್ಗವನ್ನೋ ಮುಗಿಸಬಹುದು. ಬಿಸಿಲಲ್ಲಿ ಬೈಕು, ಬೆನ್ನಿಗೆ ಭಾರದ ಚೀಲ, ಕೊರಳಲ್ಲಿ ಟೈ. ಟೈ ಪಿನ್ನನ್ನು ಶೋಕಿಗಲ್ಲದೆ ಕಸುಬಿಗಾಗಿ ತೊಡುವವರು ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಇವರೇ. ಇವರು ಕಾಣಲು ಬಂದ ವೈದ್ಯರ ಕೊರಳಲ್ಲಿ ಟೈ ಇರುವುದಿಲ್ಲ, ಸ್ಟೆತಾಸ್ಕೋಪು ಇರುತ್ತದೆ. ರೋಗಿಯ ಮೇಲೆ ಬಗ್ಗಿದಾಗ ಟೈ ಸೋಕಿ ಸೋಂಕು ಹರಡೀತೆಂದು 2007ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಆಸ್ಪತ್ರೆಯ ವೈದ್ಯರಿಗೆ ಟೈ ಬಿಡಲು ಸೂಚಿಸಿತು. ಬಯಲುಸೀಮೆಯ ವೈದ್ಯರು ಸೆಕೆಯ ಕಾರಣಕ್ಕೆ ಅದನ್ನು ಬಹಳ ಹಿಂದೆಯೇ ಪಾಲಿಸಿದ್ದರು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲು ಜಂಕ್ಷನ್ನಿನಲ್ಲಿ ಟಿಕೆಟ್ ತಪಾಸಣೆಯವರ ಕಪ್ಪು ಕೋಟು, ಟೈ ಕಾಣಸಿಗುತ್ತವೆ. ಅಲ್ಲಿ ಕೋಟಿನ ಗುಂಡಿಯೇ ಪಿನ್ನಿನ ಕೆಲಸ ಮಾಡುತ್ತದೆ.

ವಕೀಲರ ಸಂಗತಿ ಇನ್ನೂ ಸ್ವಾರಸ್ಯದ್ದು. ಅವರ ಕೊರಳಿನ ಎರಡು ಬಿಳಿ ಬ್ಯಾಂಡುಗಳು ಗಿಡ್ಡ, ಹಾರಿದರೂ ಗಲ್ಲದಾಚೆ ಹೋಗವು. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಒಂದು ಸಡಿಲಿಕೆ ಇದೆ. ಸುಪ್ರೀಂ ಕೋರ್ಟು, ಹೈಕೋರ್ಟು, ಜಿಲ್ಲಾ, ಸೆಷನ್ಸ್ ಮತ್ತು ಸಿಟಿ ಸಿವಿಲ್ ನ್ಯಾಯಾಲಯಗಳನ್ನು ಬಿಟ್ಟು ಉಳಿದೆಡೆ ಬ್ಯಾಂಡಿನ ಬದಲಿಗೆ ಕಪ್ಪು ಟೈ ತೊಡಬಹುದು. ಎಂದರೆ ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯದಲ್ಲಿ ಸಿಗದ ರಿಯಾಯಿತಿ ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಎಂಬ ಇನ್ನೊಂದು ಸಡಿಲಿಕೆಯೂ ಕೆಳ ನ್ಯಾಯಾಲಯಗಳಿಗೆ ಉಂಟು. ಎರಡನ್ನೂ ಒಟ್ಟಿಗೆ ಬಳಸಿಕೊಂಡ ವಕೀಲರ ಎದೆಯ ಮೇಲೆ ಟೈ ನಿರಾಶ್ರಿತವಾಗುತ್ತದೆ. ಕೋಟಿನ ಮರೆ ಹೋಯಿತು, ತಲೆಯ ಮೇಲೆ ಫ್ಯಾನು, ಕೈಯಲ್ಲಿ ಕೇಸಿನ ಕಟ್ಟು. ಪಿನ್ನಿನ ಅಗತ್ಯವನ್ನು ಕಾನೂನೇ ಹುಟ್ಟಿಸಿದ ಅಪರೂಪದ ಪ್ರಸಂಗ ಇದು. ಬಹುಮಂದಿ ಬ್ಯಾಂಡನ್ನೇ ಉಳಿಸಿಕೊಂಡು ಈ ತೊಡಕಿನಿಂದ ಪಾರಾಗಿದ್ದಾರೆ. ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರನ್ನು ಜನ ನೆನೆಯುವುದು ಖಾದಿ ಪಂಚೆ, ಬಿಳಿ ಟೋಪಿಯಲ್ಲಿ. ಸೂಟಿನ ಮೇಲೆ ಮೈಸೂರು ಪೇಟ ಧರಿಸಿ ಎರಡೂ ಲೋಕಗಳನ್ನು ಹೊಂದಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಮಾದರಿ ಈ ಸೀಮೆಯಲ್ಲಿ ಹೆಚ್ಚು ಜನಕ್ಕೆ ಒಗ್ಗಲಿಲ್ಲ. ಹಳೆಯ ಮೈಸೂರಿನ ಮೇಷ್ಟರುಗಳ ಮುಚ್ಚುಕೊರಳ ಕೋಟಿನಲ್ಲಿ ಟೈಗೆ ಜಾಗವೇ ಇರಲಿಲ್ಲ.

ಉಳಿದವನು ಮದುಮಗ. ಬೆಳಗಿನ ಧಾರೆಗೆ ಪಂಚೆ, ಶಲ್ಯ, ಪೇಟ. ಹಿಂದಿನ ಸಂಜೆಯ ಆರತಕ್ಷತೆಗೆ ಸೂಟು. ಸೂಟಿನ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಟೈ, ಜೇಬಿಗೆ ಸಿಕ್ಕಿಸುವ ಕರವಸ್ತ್ರ, ಟೈ ಪಿನ್ನು, ಒಂದು ಜೊತೆ ಕಫ್‌ಲಿಂಕು. ಅಂಗಿಯ ತೋಳಿಗೆ ಮಾಮೂಲಿ ಗುಂಡಿ ಇರುವುದರಿಂದ ಕಫ್‌ಲಿಂಕು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಮುಂದೆ ಮನೆಯ ಮಗುವಿನ ಆಟಿಕೆಯಾಗುತ್ತದೆ. ಪಿನ್ನನ್ನು ಸಿಕ್ಕಿಸುವುದು ಮದುಮಗನಲ್ಲ, ಅವನ ಭಾವಮೈದುನನೂ ಅಲ್ಲ, ಫೋಟೋಗ್ರಾಫರು. ಕಲ್ಯಾಣ ಮಂಟಪಗಳಲ್ಲಿ ಟೈ ಶಾಸ್ತ್ರ ಬಲ್ಲ ಪುರೋಹಿತರು ಅವರೇ. ವೇದಿಕೆಯ ಎರಡೂ ಬದಿಗೆ ನಿಲ್ಲಿಸಿದ ದೊಡ್ಡ ಫ್ಯಾನುಗಳು ಊರಿನ ಗಾಳಿಯನ್ನು ಒಳಗೂ ತಂದುಕೊಡುತ್ತವೆ. ಮೂರು ಗಂಟೆ ಕಾಲ ಸಾಲಾಗಿ ಬರುವ ನೆಂಟರಿಗೆ ಕೈ ಮುಗಿದು, ಕಾಲು ಮುಟ್ಟಲು ಬಗ್ಗಿ ಏಳುವ ಮದುಮಗನಿಗೆ ಪಿನ್ನಿಲ್ಲದಿದ್ದರೆ ಟೈ ಪ್ರತಿ ಚಿತ್ರದಲ್ಲೂ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ.

ಪೆಟ್ಟಿಗೆಯ ಪಿನ್ನು ಸಮಯಕ್ಕೆ ಸಿಗದಿರುವುದು ಮದುವೆ ಮನೆಯ ಸಾಮಾನ್ಯ ಸಂಗತಿ. ಆಗ ಕೈಹಿಡಿಯುವುದು ಸೇಫ್ಟಿ ಪಿನ್ನು. ಅದು ಸಿಗುವುದು ಹೆಂಗಸರ ಬಳಿ, ಬಳೆಗೆ ಸಿಕ್ಕಿಸಿಕೊಂಡೋ ಮಾಂಗಲ್ಯದ ಸರಕ್ಕೆ ತಗಲಿಸಿಕೊಂಡೋ ಒಂದೆರಡು ಪಿನ್ನು ಸದಾ ಸಿದ್ಧವಿರುತ್ತವೆ. ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬಾತ 1849ರ ಏಪ್ರಿಲ್ 10ರಂದು ಇದಕ್ಕೆ ಪೇಟೆಂಟು ಪಡೆದ. ಹದಿನೈದು ಡಾಲರಿನ ಸಾಲ ತೀರಿಸಲು ಹೊರಟು, ಹಕ್ಕನ್ನು 400 ಡಾಲರಿಗೆ ಮಾರಿ ಕೈತೊಳೆದುಕೊಂಡ. ಒಂದೇ ತಂತಿಯನ್ನು ಬಗ್ಗಿಸಿ, ಬುಡದಲ್ಲಿ ಸುರುಳಿ ಮಾಡಿ ಸ್ಪ್ರಿಂಗಿನ ಗುಣ ಕೊಟ್ಟು, ಮೊನೆಯನ್ನು ಮರೆಮಾಡಲು ತಲೆಗೊಂದು ಟೊಪ್ಪಿಗೆ ಇಟ್ಟದ್ದು ಅವನ ಜಾಣ್ಮೆ. ಅವನು ಸೀರೆಯನ್ನು ಯೋಚಿಸಿರಲಾರ, ಆದರೆ ಅವನ ಪಿನ್ನಿಗೆ ಸೀರೆಯಷ್ಟು ನಿಷ್ಠೆಯ ಗಿರಾಕಿ ಬೇರೆ ಸಿಕ್ಕಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಬಳೆ, ಟೇಪು, ಕ್ಲಿಪ್ಪುಗಳ ಜೊತೆಗೆ ಪಿನ್ನಿನ ಗೊಂಚಲೂ ಮಾರಾಟವಾಗುತ್ತದೆ.

ಟೈಗೆ ಸೇಫ್ಟಿ ಪಿನ್ನು ಹಾಕುವಾಗ ಮುಂದಿನ ಪಟ್ಟಿಯ ಮೇಲೆ ಕಾಣುವಂತೆ ಚುಚ್ಚುವುದು ದಡ್ಡತನ. ಟೈಯ ಬೆನ್ನಿನ ಕುಣಿಕೆಗೆ ತಂತಿ ತೂರಿಸಿ, ಅಂಗಿಯ ಗುಂಡಿಪಟ್ಟಿಯ ಮೇಲಿನ ಪದರಕ್ಕೆ ಮಾತ್ರ ಚುಚ್ಚಿ ಮುಚ್ಚಿದರೆ ಹೊರಗೆ ಏನೂ ಕಾಣದು, ಟೈಯ ಮುಖಕ್ಕೆ ತೂತೂ ಬೀಳದು. ಸುರುಳಿಯ ಬುಡಕ್ಕೆ ರೇಷ್ಮೆಯ ಎಳೆ ಸಿಕ್ಕಿ ಕಿತ್ತುಬರುವುದೇ ಈ ಪಿನ್ನಿನ ದೊಡ್ಡ ದೋಷ. ಅದಕ್ಕೆ ಪರಿಹಾರವನ್ನು ಸೀರೆ ಉಡುವವರು ಆಗಲೇ ಕಂಡುಕೊಂಡಿದ್ದಾರೆ. ಇದೇ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಯಂಥ ಬೆಲೆಯ ಸೆರಗಿಗೆ ಪಿನ್ನು ಹಾಕುವ ಮೊದಲು ಅದಕ್ಕೊಂದು ಮಣಿ ಪೋಣಿಸಿ ಸುರುಳಿಯವರೆಗೆ ತಳ್ಳುತ್ತಾರೆ. ಬಟ್ಟೆ ಮಣಿಯ ಬಳಿಯೇ ನಿಲ್ಲುತ್ತದೆ. ಟೈ ಪಿನ್ನಿನ ವಿಲಾಯಿತಿ ಪರಂಪರೆಯಲ್ಲಿ ಇಷ್ಟು ಅಗ್ಗದ, ಇಷ್ಟು ಚೊಕ್ಕ ಉಪಾಯ ಕಾಣಸಿಗುವುದಿಲ್ಲ. ಸೆರಗನ್ನು ನಿಲ್ಲಿಸುವ ವಿದ್ಯೆಯಲ್ಲಿ ತಲೆಮಾರುಗಳಿಂದ ಪಳಗಿದ ಊರಿಗೆ ಟೈ ನಿಲ್ಲಿಸುವುದು ದೊಡ್ಡ ಮಾತಲ್ಲ. ಗಂಡಸರು ಕೇಳಬೇಕು ಅಷ್ಟೆ, ಅವರು ಕೇಳುವುದು ಕಡಿಮೆ.

ಹೊರಗೆ ಕಾಣದ ಬಗೆಗಳಲ್ಲಿ ಈಚಿನದು ಅಯಸ್ಕಾಂತದ್ದು. 1980ರ ದಶಕದಲ್ಲಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಬೆರೆಸಿದ ಅಯಸ್ಕಾಂತ ಬಂದ ಮೇಲೆ ಇದು ಸಾಧ್ಯವಾಯಿತು. ಗುಂಡಿಯಷ್ಟು ಚಿಕ್ಕ ಬಿಲ್ಲೆಗೂ ಬಟ್ಟೆಯ ಹಲವು ಪದರಗಳಾಚೆಗೆ ಹಿಡಿಯುವ ಬಲವಿದೆ. ಒಂದು ಬಿಲ್ಲೆ ಟೈಯ ಬೆನ್ನಿಗೆ, ಇನ್ನೊಂದು ಗುಂಡಿಪಟ್ಟಿಯ ಒಳಗೆ. ಚುಚ್ಚುವುದಿಲ್ಲ, ಕಚ್ಚುವುದಿಲ್ಲ, ಜಗ್ಗಿದರೆ ತಾನೇ ಬಿಡುತ್ತದೆ. ಬೈಕಿನ ವೇಗಕ್ಕೂ ಬಿಟ್ಟುಬಿಡಬಹುದು ಎಂಬುದು ಅದರ ದೌರ್ಬಲ್ಯ. ಅದಕ್ಕಿಂತ ಮುಖ್ಯವಾದ ಮಾತು, ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಇದನ್ನು ಬಳಸಬಾರದು. ಬಲವಾದ ಅಯಸ್ಕಾಂತವನ್ನು ಆ ಯಂತ್ರದಿಂದ ಕನಿಷ್ಠ 15 ಸೆಂಟಿಮೀಟರು ದೂರ ಇಡಬೇಕೆಂಬುದು ವೈದ್ಯರ ಸಲಹೆ. ಯಂತ್ರವಿರುವುದು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ, ಟೈಯ ಅಯಸ್ಕಾಂತ ಕೂರುವುದು ಅಲ್ಲಿಂದ ಗೇಣಿನಳತೆಯಲ್ಲಿ. ಬಗ್ಗಿದಾಗ, ಮಡಚಿದಾಗ ಆ ಅಂತರವೂ ಉಳಿಯುವುದಿಲ್ಲ.

ಅಯಸ್ಕಾಂತ ಬೇಡವೆನ್ನುವವರಿಗೆ ಬಟ್ಟೆಯ ಪಟ್ಟಿ ಇದೆ. ಲೋಹದ ಸೋಂಕಿಲ್ಲದ ಈ ಬಗೆಯೇ ಎಲ್ಲಕ್ಕಿಂತ ಗುಟ್ಟಿನದು, ದರ್ಜಿಯ ಅಂಗಡಿಯ ಚಿಂದಿಯಲ್ಲೇ ಹುಟ್ಟುವಂಥದ್ದು. ಅಂಗಿಯ ಎರಡು ಗುಂಡಿಗಳ ನಡುವಿನ ಅಂತರ ಸುಮಾರು ಎಂಟು-ಒಂಬತ್ತು ಸೆಂಟಿಮೀಟರು. ಅದಕ್ಕಿಂತ ತುಸು ಉದ್ದನೆಯ, ಒಂದು ಬೆರಳಗಲದ ಪಟ್ಟಿಯನ್ನು ಎರಡು ಪದರವಾಗಿ ಹೊಲಿದು ಎರಡೂ ತುದಿಗೆ ಕಾಜ ತೆಗೆಸಬೇಕು. ಟೈಯ ಕುಣಿಕೆ ಬಂದು ನಿಲ್ಲುವ ಮಟ್ಟದ ಮೇಲಿನ ಗುಂಡಿಗೆ ಒಂದು ತುದಿಯನ್ನು ಹಾಕಿ, ಪಟ್ಟಿಯನ್ನು ಕುಣಿಕೆಯೊಳಗೆ ತೂರಿಸಿ, ಕೆಳಗಿನ ಗುಂಡಿಗೆ ಇನ್ನೊಂದು ತುದಿಯನ್ನು ಹಾಕಿದರೆ ಟೈ ಅಂಗಿಗೆ ಅಂಟಿದಂತಾಗುತ್ತದೆ. ಕುಣಿಕೆ ಪಟ್ಟಿಯ ಉದ್ದಕ್ಕೂ ಮೇಲೆ ಕೆಳಗೆ ಸರಿಯಬಲ್ಲುದಾದ್ದರಿಂದ ಕೂತು ಎದ್ದಾಗ ಕೊರಳು ಬಿಗಿಯುವುದಿಲ್ಲ, ಪಕ್ಕಕ್ಕೆ ಮಾತ್ರ ಅದಕ್ಕೆ ಹೋಗಲು ದಾರಿಯಿಲ್ಲ. ಪಟ್ಟಿ ಅಂಗಿಯದೇ ಬಣ್ಣದ್ದಾಗಿದ್ದರೆ ಟೈ ಒಮ್ಮೆ ಮಗುಚಿದರೂ ಕಣ್ಣಿಗೆ ಬೀಳದು. ಗುಂಡಿಗಳ ದಾರ ಗಟ್ಟಿಯಿರಬೇಕು, ಗಾಳಿಯ ಜಗ್ಗಾಟವೆಲ್ಲ ಈಗ ಅವುಗಳ ಮೇಲೆಯೇ ಬೀಳುತ್ತದೆ. ಸಂಜೆ ಟೈ ಬಿಚ್ಚಿದಾಗ ಪಟ್ಟಿ ಅಂಗಿಯಲ್ಲೇ ಉಳಿಯುವುದುಂಟು. ಒಗೆಯಲು ಹಾಕುವ ಮೊದಲು ಅದನ್ನು ಕಳಚಿಡಬೇಕು.